ನೀಸಿನಲ್ಲಿ ಎರಡನೇ ಸಲ ಯಾರೂ ಕೇಳುವುದಿಲ್ಲ

ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಈಗ ಒಂದು ಕಥೆ ಚಾಲ್ತಿಯಲ್ಲಿದೆ. ಮೆಸ್ ಮಹದೇವಪ್ಪನವರು ಮಗಳನ್ನು ನೋಡಲು ಫ್ರಾನ್ಸಿಗೆ ಹೋಗಿ, ತಿನ್ನಲಿಕ್ಕೆ ಏನೂ ಸಿಗದೆ, ಅರ್ಧ ಆಳಾಗಿ ವಾಪಸ್ ಬಂದರು ಎಂಬುದು ಆ ಕಥೆ. ಹೇಳುವವರು ಹೇಳುತ್ತ ಹೇಳುತ್ತ ಅದಕ್ಕೆ ಒಗ್ಗರಣೆಯನ್ನೂ ಹಾಕಿದ್ದಾರೆ. ಒಬ್ಬರ ಪ್ರಕಾರ ಅಲ್ಲಿ ಸೊಪ್ಪು ಕೇಳಿದರೆ ಬಸವನಹುಳುವಿನ ಸಮೇತ ಕೊಡುತ್ತಾರೆ. ಇನ್ನೊಬ್ಬರ ಪ್ರಕಾರ ಮಹದೇವಪ್ಪನವರು ದಂಡೆಯಲ್ಲಿ ಕೂತು ಅವಲಕ್ಕಿ ನೆನೆಸಿಕೊಂಡು ತಿಂದರು, ಅದೂ ಸಮುದ್ರದ ನೀರಿನಲ್ಲಿ. ಉಪ್ಪಿನ ಖರ್ಚು ಉಳಿಯಿತಂತೆ.

ಇದನ್ನು ನಾನು ಖಂಡಿಸುತ್ತೇನೆ. ಮಹದೇವಪ್ಪ ನನ್ನ ಸೋದರಮಾವ. ಅವರ ಪಕ್ಕದ ಸೀಟಿನಲ್ಲಿ ಹಾರಿದವಳು, ಪಕ್ಕದ ಕುರ್ಚಿಯಲ್ಲಿ ಕೂತವಳು, ಪಕ್ಕದಲ್ಲೇ ಹಸಿದವಳು ನಾನು. ನೀಸ್ ಎಂಬ ಆ ಶೋಕಿಯ ಕಡಲೂರಿನಲ್ಲಿ ಊಟ ಸಿಗುವುದಿಲ್ಲ ಎನ್ನುವುದು ಶುದ್ಧ ಸುಳ್ಳು. ಅಲ್ಲಿ ನಮ್ಮ ಕಡೆ ಅರಳೀಮರಕ್ಕೊಂದು ಕಟ್ಟೆ ಇರುವಂತೆ ಮೂಲೆಗೊಂದು ಹೋಟೆಲು. ಮಾವ ಹಸಿದದ್ದು ಮಾತ್ರ ನಿಜ. ಊಟ ಇಲ್ಲದ್ದಕ್ಕಲ್ಲ, ಬೇಡ ಎಂದದ್ದಕ್ಕೆ.

ನಂಜನಗೂಡು, ಹೊರಡುವ ಮುಂಚೆ

ನಮ್ಮ ಕಡೆ ಪಂಕ್ತಿಯಲ್ಲಿ ಕೂತವರಿಗೆಲ್ಲ ಗೊತ್ತಿರುವ ಕಾನೂನೊಂದಿದೆ. ಬಡಿಸುವವರು ಕೇಳಿದಾಗ ಹೇಳುವ ಮೊದಲನೇ ‘ಬೇಡ’ ಮರ್ಯಾದೆಗೆ. ಎರಡನೆಯದು ಸಂಕೋಚಕ್ಕೆ. ಮೂರನೇ ಸಲ ಅವರು ಕೇಳುವುದೇ ಇಲ್ಲ, ಹಾಕಿಬಿಡುತ್ತಾರೆ. ಮಾವ ಈ ಕಾನೂನಿನ ಹೈಕೋರ್ಟು. ಹುಡುಗರಾಗಿದ್ದಾಗ ಮಠದ ಪಂಕ್ತಿಗಳಲ್ಲಿ ಬಡಿಸಿ ಕಲಿತು, ಆಮೇಲೆ ನರಸೀಪುರದಲ್ಲಿ ಬಾಳೆಎಲೆ ಊಟದ ಮೆಸ್ ಇಟ್ಟವರು. ಸಾರಿನ ಬಕೆಟ್ ಹಿಡಿದು ಅವರೇ ಓಡಾಡುತ್ತಾರೆ. ಗಿರಾಕಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬಿಡುವುದಿಲ್ಲ. ಅದಕ್ಕೆ ಅವರದೇ ಒಂದು ಶಾಸ್ತ್ರ.

“ಬಾಯಿ ನಂಬಬಾರ್ದು ಕಣವ್ವ. ಬೆರಳು ನೋಡ್ಬೇಕು. ಬೆರಳು ಒತ್ತಾಗಿದ್ರೆ ನಿಜ್ವಾದ ಬ್ಯಾಡ. ಸಂದಿ ಬುಟ್ಟಿದ್ರೆ ಸುಳ್ಳು ಬ್ಯಾಡ. ಸಂದೀಲಿ ಉಯ್ದ್‌ಬುಡ್ಬೇಕು.”

ಹೈಸ್ಕೂಲಿನಿಂದ ಲಾ ಕಾಲೇಜಿನ ತನಕ ಚರ್ಚಾಸ್ಪರ್ಧೆ ಮಾಡಿಕೊಂಡು ಬಂದ ನನಗೆ ಇದು ಒಪ್ಪಿಗೆಯಿಲ್ಲ. ಬೇಡ ಎಂದವರಿಗೆ ಹಾಕುವುದು ಉಪಚಾರವಲ್ಲ, ದಬ್ಬಾಳಿಕೆ ಎಂದು ಅವರ ಮೆಸ್ಸಿನಲ್ಲೇ ಎಷ್ಟೋ ಸಲ ವಾದಿಸಿದ್ದೇನೆ. ಪ್ರತಿ ಸಲವೂ ಎದುರು ಪಕ್ಷ ಸಾರು ಸುರಿದು ಗೆದ್ದಿದೆ.

ಅಂಥ ಮಾವ ಒಂದು ಬೆಳಿಗ್ಗೆ ನಂಜನಗೂಡಿನ ನಮ್ಮ ಮನೆಗೆ ಬಂದು, ಮೂರು ಸಲ ಬೇಡ ಎಂದು ನಾಲ್ಕು ಇಡ್ಲಿ ತಿಂದು, ವಿಷಯಕ್ಕೆ ಬಂದರು. ಅವರ ಒಬ್ಬಳೇ ಮಗಳು ಗಿರಿಜೆ ನೀಸಿನಲ್ಲಿ ಸಮುದ್ರದ ಎದುರಿನ ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಳೆ. ಮೈಸೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿಸಿದ್ದೇ ಮೆಸ್ ನೋಡಿಕೊಳ್ಳಲಿ ಅಂತ. ಈಗ ಪಕ್ಕದ ಬೇಕರಿಯವನು ಮೆಸ್ಸಿನ ಜಾಗ ಕೇಳುತ್ತಿದ್ದಾನೆ. ಗಿರಿಜೆ ಬಂದರೆ ಮೆಸ್ ಉಳಿಯುತ್ತದೆ, ಬರದಿದ್ದರೆ ಅಲ್ಲಿ ಹನಿಕೇಕು.

“ನೀವೇ ಫೋನಲ್ಲಿ ಕೇಳಿ ಮಾವ.”

“ನಾನು ಕೇಳೋದಾ? ಮಗಳ ತಾವ? ಅದ್ಯಾವ ನ್ಯಾಯ? ಅವ್ಳೇ ಬತ್ತೀನಿ ಅನ್ಬೇಕು.”

“ಮತ್ತೆ?”

“ನೀನು ಬಾ ಲಾಯರಮ್ಮ. ಅಲ್ಲೀಗಂಟ ಕರ್ಕೊಂಡೋಯ್ತೀನಿ. ವಾದ ಮಾಡು. ಕಪ್ಪು ಗಿಪ್ಪು ತಗಂಡಿದ್ದೀಯಲ್ಲ, ಸುಮ್ಕೆ ಶೋಕೇಸಲ್ಲಿ ಕೂತವೆ.”

ನಂಜನಗೂಡು ಕೋರ್ಟಿನಲ್ಲಿ ಜೂನಿಯರ್ ಆಗಿರುವ ನನಗೆ ಇದಕ್ಕಿಂತ ದೊಡ್ಡ ಕೇಸು ಆವತ್ತಿನವರೆಗೆ ಬಂದಿರಲಿಲ್ಲ. ಒಪ್ಪಿಕೊಂಡೆ.

ಆಕಾಶದಲ್ಲಿ

ಮೊದಲ ಉಪವಾಸ ಇಲ್ಲಿಂದಲೇ ಶುರು. ಗಗನಸಖಿ ಬಂದು, ಸಸ್ಯಾಹಾರದ ತಟ್ಟೆ ಹಿಡಿದು, ನಗುತ್ತ ಕೇಳಿದಳು. ಮಾವ ಅಷ್ಟೇ ನಗುತ್ತ ಅಂಗೈ ಅಡ್ಡ ಹಿಡಿದು “ನೋ ನೋ” ಅಂದರು. ಅವಳು “ಶೂರ್ ಸರ್” ಅಂದು ಮುಂದಕ್ಕೆ ಹೋದಳು.

ಮಾವ ಕಾಯುತ್ತ ಕೂತರು. “ಇನ್ನೊಂದ್ ರೌಂಡ್ ಬತ್ತಾಳೆ ತಡಿ.”

ಬಂದಳು. ಖಾಲಿ ತಟ್ಟೆ ತೆಗೆದುಕೊಂಡು ಹೋಗಲಿಕ್ಕೆ.

“ಇದೇನವ್ವ ಇದು? ಎಲೆ ಎತ್ತಕ್ಕೇ ಬಂದ್‌ಬುಟ್ಲಲ್ಲ! ಉಪಚಾರವೇ ಇಲ್ವಾ?”

“ನೀವು ಬೇಡ ಅಂದ್ರಿ, ಅವಳು ನಂಬಿದಳು. ಇದಕ್ಕೇ ನಾಗರಿಕತೆ ಅನ್ನೋದು. ಒಂದು ಸಲ ಬೇಡ ಅಂದರೆ ಬೇಡ.”

“ಇಂಗಾದ್ರೆ ಪರ್‌ಪಂಚ ಒಟ್ಟೆಗಿಲ್ದೆ ಸಾಯ್ತದೆ” ಎಂದು ನನ್ನ ಬ್ರೆಡ್ಡಿನಲ್ಲಿ ಅರ್ಧ ತಿಂದರು. ಅದನ್ನು ಕೊಡುವಾಗ ನಾನು ಮೂರು ಸಲ ಕೇಳಬೇಕಾಯಿತು.

ಕಡಲ ದಂಡೆ

ನೀಸಿನ ಬೀಚಿನ ಬಗ್ಗೆಯೂ ಒಂದು ತಪ್ಪು ಕಥೆ ಇದೆ. ಬೀಚ್ ಅಂದರೆ ಮರಳು ಅಂದುಕೊಳ್ಳುತ್ತೇವೆ. ಅಲ್ಲಿ ಒಂದು ಹಿಡಿ ಮರಳಿಲ್ಲ. ಪೂರ್ತಿ ಗುಂಡುಕಲ್ಲು. ಲೋಕದ ಶ್ರೀಮಂತರು ದುಡ್ಡು ಸುರಿದು ಬಂದು ಆ ಕಲ್ಲಿನ ಮೇಲೆ ಬೆನ್ನು ಊರಿ “ಆಹಾ” ಅನ್ನುತ್ತಾರೆ. ನಮ್ಮ ನರಸೀಪುರದ ಸಂಗಮದಲ್ಲಿ ಕಾವೇರಿ, ಕಪಿಲೆ ಎರಡೂ ಸೇರಿ ಹಾಸಿಗೆಯಂಥ ಮರಳು ಹಾಸಿದರೂ ನಾವು ಮುಳುಗಿ ಎದ್ದು, ಚಿತ್ರಾನ್ನ ತಿಂದು, ಬಸ್ಸಿಗೆ ಓಡುತ್ತೇವೆ. ಮಾವ ಪಂಚೆ ಎತ್ತಿ ಕಟ್ಟಿ, ಒಂದು ಕಲ್ಲು ಆರಿಸಿ, ಅಂಗೈಯಲ್ಲಿ ಉರುಳಿಸಿ, “ರುಬ್ಬೋ ಗುಂಡಾಗಕ್ಕೆ ಲಾಯಕ್ಕು. ಒರಳಿದ್ದಿದ್ರೆ ಚಟ್ನಿ ಅರೀಬೌದಿತ್ತು” ಅಂದರು.

ದಂಡೆಯುದ್ದಕ್ಕೂ ಬಿಳಿ ಛತ್ರಿ ಹಾಕಿದ ಹೋಟೆಲುಗಳು. ಅಲ್ಲಿ ಕೂರುವ ಕ್ರಮವೇ ಬೇರೆ. ಎದುರುಬದುರು ಯಾರೂ ಕೂರುವುದಿಲ್ಲ, ಗಂಡ ಹೆಂಡತಿ ಕೂಡ ನಾಟಕ ನೋಡಲು ಬಂದವರಂತೆ ಅಕ್ಕಪಕ್ಕ ಕೂತು ಸಮುದ್ರಕ್ಕೆ ಮುಖ ಮಾಡಿ ತಿನ್ನುತ್ತಾರೆ. ಮೇಜಿನ ಕೆಳಗೆ ನಾಯಿ, ಅದಕ್ಕೂ ಒಂದು ಬಟ್ಟಲು ನೀರು. ಗಿರಿಜೆ ಡ್ಯೂಟಿಗೆ ಹೋಗುವ ಮುಂಚೆ ನಮಗೊಂದು ಹೋಟೆಲು ತೋರಿಸಿ, ಏನು ಕೇಳಬೇಕೆಂದು ಹೇಳಿಕೊಟ್ಟು, “ಹೊತ್ತಿಗೆ ಸರಿಯಾಗಿ ಹೋಗಿ, ಮಧ್ಯಾಹ್ನ ಆದ್ಮೇಲೆ ಅಡುಗೆಮನೆ ಮುಚ್ತಾರೆ” ಎಂದಿದ್ದಳು.

“ಅಡಗೆಮನೆ ಮುಚ್ಚೋದಾ? ಜನಗಳ ಒಟ್ಟೆ ಮುಚ್ತದಾ?” ಎಂದು ಮಾವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಲ್ಲು ಆರಿಸುವುದರಲ್ಲಿ ಹೊತ್ತಾಯಿತು. ನಾವು ಹೋಗಿ ಕೂತಾಗ ಕೊನೆಯ ಗಿರಾಕಿಗಳು ನಾವೇ. ಬದನೆ, ಟೊಮೇಟೊ, ದಪ್ಪಮೆಣಸಿನಕಾಯಿ ಬೇಯಿಸಿದ ಪಲ್ಯದಂಥದ್ದು ಬಂತು. ಮಾವ ಎರಡು ತುತ್ತು ತಿಂದು, ಚಮಚ ಫೋರ್ಕು ಎರಡನ್ನೂ ಜೊತೆಗಿಟ್ಟು, ಇದಕ್ಕೆ ಕೊತ್ತಂಬರಿ ಬೀಜ ಹುರಿದು ಹಾಕಿದ್ದರೆ ಹೇಗಿರುತ್ತಿತ್ತು ಎಂದು ನನಗೆ ಎರಡೂ ಕೈ ಬಳಸಿ ವಿವರಿಸಲು ಹೊರಟರು. ಅಲ್ಲಿ ಚಮಚ ಫೋರ್ಕು ಜೊತೆಗಿಟ್ಟರೆ ಊಟ ಮುಗಿಯಿತೆಂದು ಅರ್ಥ. ನಮ್ಮಲ್ಲಿ ಎಲೆ ಮಡಚಿದ ಹಾಗೆ. ಬಡಿಸುವವನು ಬಂದು ಏನೋ ಕೇಳಿದ. ಇನ್ನೂ ಹಾಕಲೇ ಎಂದು ಕೇಳುತ್ತಿದ್ದಾನೆಂದು ತಿಳಿದ ಮಾವ ಮರ್ಯಾದೆಗೆ “ನೋ ನೋ, ಸಾಕು” ಎಂದು ಕೈ ಅಲ್ಲಾಡಿಸಿದರು. ತಟ್ಟೆ ಹೋಯಿತು.

ಕೊತ್ತಂಬರಿ ಬೀಜ ಹುರಿಯುತ್ತಿದ್ದ ಕೈಗಳು ಗಾಳಿಯಲ್ಲೇ ನಿಂತವು.

ಮಾವ ನನ್ನನ್ನು ನೋಡಿದರು. ಇಡೀ ದಂಡೆಯಲ್ಲಿ ಆ ಹೊತ್ತಿಗೆ ಇನ್ನೊಂದು ಅಡುಗೆಮನೆ ತೆರೆದಿರಲಿಲ್ಲ. ನಾನು ನನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಆಮೇಲೆ ಬಿಲ್ಲು. ಅಲ್ಲಿ ಕೇಳದೆ ಬಿಲ್ ಕೊಡುವುದು ಅವಮರ್ಯಾದೆಯಂತೆ. ಇದು ನಮಗೆ ಗೊತ್ತಿರಲಿಲ್ಲ. ಕೂತೇ ಕೂತೆವು. ನರಸೀಪುರದ ಮೆಸ್ಸಿನಲ್ಲಿ ಮಜ್ಜಿಗೆಗೆ ಬರುವಷ್ಟರಲ್ಲಿ ಮುಂದಿನ ಗಿರಾಕಿ ಕುರ್ಚಿಯ ಹಿಂದೆ ನಿಂತು ನಮ್ಮ ಕುತ್ತಿಗೆಗೆ ಉಸಿರು ಬಿಡುತ್ತಿರುತ್ತಾನೆ. ಇಲ್ಲಿ ಏಳಿ ಎನ್ನುವವರೇ ಇಲ್ಲ. ಮಾವನ ಕಣ್ಣು ತುಂಬಿ ಬಂತು. “ಊಟದಲ್ಲಿ ಉಪಚಾರ ಇಲ್ದಿದ್ರೂ ಕೂರಿಸ್ಕಳದ್ರಲ್ಲಿ ಅದೆ ಕಣವ್ವ. ಬೀಗ್ರನ್ನ ಕೂರಿಸ್ಕಂಡಂಗೆ ಕೂರಿಸ್ಕಂಡವ್ರೆ.” ಬೀಗರಂತೆ ಸಂಜೆಯವರೆಗೆ ಕೂತೆವು. ಕೊನೆಗೆ ಗಿರಿಜೆಗೇ ಫೋನ್ ಮಾಡಿ, ಬಿಲ್ ಕೇಳುವುದು ಹೇಗೆಂದು ತಿಳಿದು ಎದ್ದೆವು.

ಹಳೇ ಪೇಟೆ

ನೀಸಿನಲ್ಲಿ ಎಲ್ಲಿ ತಿನ್ನಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸಮುದ್ರಕ್ಕೆ ಬೆನ್ನು ಹಾಕಿ ಎಂದು. ದಂಡೆಯ ಹಿಂದೆ, ಒಗೆದ ಬಟ್ಟೆ ನೇತುಹಾಕಿದ ಓಣಿಗಳ ಹಳೇ ಪೇಟೆ ಇದೆ. ಅಲ್ಲಿ ಒಬ್ಬ ದಪ್ಪ ಹೆಂಗಸು, ಚಕ್ಕಡಿ ಗಾಲಿಯಷ್ಟಗಲದ ತಾಮ್ರದ ತಟ್ಟೆಯಲ್ಲಿ ಕಡಲೆಹಿಟ್ಟು ಹೊಯ್ದು, ಸೌದೆ ಒಲೆಯೊಳಗೆ ತಳ್ಳಿ, ಹೊರಗೆಳೆದು, ಕರಕರ ಕೆರೆದು, ಮೇಲೆ ಮೆಣಸಿನಪುಡಿ ಎರಚಿ ಕಾಗದದಲ್ಲಿ ಕೊಡುತ್ತಾಳೆ. ಸೊಕ್ಕಾ ಅಂತ ಅದರ ಹೆಸರು. ಕೈಯಲ್ಲೇ ತಿನ್ನಬೇಕು. ಅವಳು ಬೇಕಾ ಬೇಡವಾ ಎಂದು ಯಾರನ್ನೂ ಕೇಳುವುದಿಲ್ಲ. ಸಾಲಿನಲ್ಲಿ ನಿಂತವರ ಕೈಗೆ ತುರುಕುತ್ತಾಳೆ, ನಿಧಾನ ಮಾಡಿದವರಿಗೆ ಬೈಯುತ್ತಾಳೆ.

ಮರುದಿನ ಮಾವ ಅಲ್ಲಿ ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು.

“ಕಡ್ಲೆಇಟ್ಟಿನ ದೋಸೆ! ಈರುಳ್ಳಿ ಮಾತ್ರ ಇಲ್ಲ. ನಮ್ಮೋಳೇ ಕಣವ್ವ ಇವ್ಳು.”

ಅವಳಿಗೂ ಮಾವ ಹಿಡಿಸಿದರು. ಇಬ್ಬರಿಗೂ ಗೊತ್ತಿರುವ ಭಾಷೆ ಒಂದೂ ಇರಲಿಲ್ಲ, ಆದರೂ ಸೌದೆ ಒಲೆಯ ಮುಂದೆ ನಿಂತು ಜೋರಾಗಿ ಕೈ ತಿರುಗಿಸಿಕೊಂಡು ಹತ್ತು ನಿಮಿಷ ಜಗಳವಾಡಿದರು. ಮಾವ ಕನ್ನಡದಲ್ಲಿ ಹಸಿಮೆಣಸಿನಕಾಯಿ ಹಾಕು ಎನ್ನುತ್ತಿದ್ದರು. ಅವಳು ಅವಳ ಭಾಷೆಯಲ್ಲಿ ಪಕ್ಕಕ್ಕೆ ಸರಿ ಎನ್ನುತ್ತಿದ್ದಳೆಂದು ನನ್ನ ಊಹೆ. ಜಗಳದ ಕೊನೆಗೆ ಕುಂಬಳದ ಹೂವಿನ ಬಜ್ಜಿಯನ್ನೂ ತುರುಕಿದಳು.

ಅದೇ ಸಂಜೆ ನಾನು ಕೇಸು ಹೂಡಿದೆ. ದಂಡೆಯ ರಸ್ತೆಯಲ್ಲಿ ಸಾಲಾಗಿ ಇಟ್ಟಿರುವ ನೀಲಿ ಕುರ್ಚಿಗಳಲ್ಲಿ ಗಿರಿಜೆ, ನಾನು ಕೂತಿದ್ದೆವು. ಮಾವ ದೂರದಲ್ಲಿ ಮತ್ತೆ ಕಲ್ಲು ಆರಿಸುತ್ತಿದ್ದರು. ಪೀಠಿಕೆ ಹಾಕಿದೆ. ಮೆಸ್ಸಿನ ಹೆಸರು, ಅತ್ತೆಯ ಮಂಡಿನೋವು, ಸ್ವಂತ ಒಲೆಯ ಸ್ವಾತಂತ್ರ್ಯ, ಎಲ್ಲ ಹೇಳಿ, ಬೇಕರಿಯವನ ಹನಿಕೇಕಿನಲ್ಲಿ ಮುಗಿಸಿದೆ. ಕಪ್ ಗೆದ್ದ ಭಾಷಣಗಳಿಗೂ ಅಷ್ಟು ತಯಾರಿ ಮಾಡಿರಲಿಲ್ಲ.

ಗಿರಿಜೆ ಪೂರ್ತಿ ಕೇಳಿ, “ಮುಗೀತಾ? ಬೆಲ್ ಹೊಡೀಲಾ?” ಅಂದಳು. “ಇದೆಲ್ಲ ನಿನ್ನ ಮಾತಾ, ಅಪ್ಪಂದಾ?”

“ಅಪ್ಪಂದು.”

“ಅಪ್ಪ ಅಲ್ಲೇ ಇದಾರಲ್ಲ.”

“ಅವರು ಕೇಳಲ್ಲ ಕಣೇ. ನೀನೇ ಬರ್ತೀನಿ ಅನ್ನಬೇಕಂತೆ.”

“ನೋಡು, ನರಸೀಪುರದಲ್ಲಿ ಬಸ್ ಇಳಿದೋರ್ನೆಲ್ಲ ‘ಇನ್ನೊಂಚೂರು, ಇನ್ನೊಂಚೂರು’ ಅಂತ ಕೇಳ್ಕೊಂಡು ಓಡಾಡೋರು. ನನ್ನ ಒಂದ್ ಸಲ ಕೇಳಕ್ಕೆ ವಕೀಲ್ರು ಬೇಕಾ?”

“ಕೇಳಿದ್ರೆ ಬರ್ತೀಯಾ?”

“ಕೇಳ್ಲಿ ಮೊದ್ಲು.”

ಎದ್ದು ಹೋಗಿ ಮಾವನಿಗೆ ವರದಿ ಒಪ್ಪಿಸಿದೆ. ಅವರು ಆರಿಸಿದ್ದ ಕಲ್ಲುಗಳನ್ನೆಲ್ಲ ಒಂದೊಂದಾಗಿ ವಾಪಸ್ ಸಮುದ್ರಕ್ಕೆ ಎಸೆದು, “ನಾನು ಕೇಳಿ, ಅವ್ಳು ಬ್ಯಾಡ ಅಂದ್‌ಬುಟ್ರೆ?” ಅಂದರು.

ಗಿರಿಜೆಯ ಹೋಟೆಲು

ಮರುದಿನ ಮಧ್ಯಾಹ್ನ ಗಿರಿಜೆ ಕೆಲಸ ಮಾಡುವ ಜಾಗಕ್ಕೇ ಊಟಕ್ಕೆ ಕರೆದಳು. ಮಾವ ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಶರ್ಟು, ಮೂರು ಪಟ್ಟೆ ವಿಭೂತಿ. ಅಲ್ಲಿ ಬಡಿಸುವವರದೂ ಪೂರ್ತಿ ಬಿಳಿ ಬಟ್ಟೆ. ಒಬ್ಬ ಮುದುಕಿ ಮಾವನನ್ನು ಕರೆದು ಇನ್ನೊಂದು ಬಾಟಲಿ ನೀರು ಕೇಳಿದಳು. ಮಾವ ತಕ್ಷಣ ಎದ್ದು, ಪಕ್ಕದ ಮೇಜಿನಿಂದ ಬಾಟಲಿ ತಂದು, ಲೋಟಕ್ಕೆ ಬಗ್ಗಿಸಿ, “ಮೋರ್? ಮೋರ್?” ಎಂದು ಕೇಳಿದರು. ಅವಳು “ನೋ” ಎಂದಳು. ಇನ್ನಷ್ಟು ಬಗ್ಗಿಸಿದರು. ಅವಳು ನಕ್ಕು ಕುಡಿದಳು.

“ನೋಡ್ದಾ? ಸುಳ್ಳು ಬ್ಯಾಡ ಆ ಯಮ್ಮಂದು.”

ಅವರ ಮೆನುವಿನಲ್ಲಿ ಪುಟ್ಟ ತರಕಾರಿಗಳ ಹೊಟ್ಟೆಗೆ ಮಾಂಸ ತುಂಬಿ ಸುಡುವ ಒಂದು ತಿನಿಸಿದೆ. ಆ ಊರಿಗೇ ಹೆಸರಾದದ್ದು. ಗಿರಿಜೆ ನಮಗೆ ಮಾಂಸವಿಲ್ಲದ ಬದನೆಕಾಯಿಯದನ್ನು ಮಾಡಿ ಕಳಿಸಿದ್ದಳು. ಎರಡೇ ಎರಡು, ಹೆಬ್ಬೆರಳುದ್ದ, ಅಷ್ಟಗಲದ ತಟ್ಟೆಯ ನಡುವೆ. ಮಾವ ಫೋರ್ಕು ಆಚೆಗಿಟ್ಟು ಕೈಯಲ್ಲೇ ಮುರಿದರು. ಮೂಸಿದರು.

“ಉಚ್ಚೆಳ್ಳು!”

ಅತ್ತೆ ನನ್ನ ಬ್ಯಾಗಿನಲ್ಲಿ ಕಳಿಸಿದ್ದ ಹುಚ್ಚೆಳ್ಳು ಪುಡಿ. ಫ್ರೆಂಚರ ಸುಟ್ಟ ಬದನೆಕಾಯಿಯೊಳಗೆ ನಮ್ಮ ಎಣ್ಣೆಗಾಯಿ ಕೂತಿತ್ತು. ಮಾವ ಎರಡೂ ಮುಗಿಸಿ ತಟ್ಟೆಯನ್ನು ಬೆರಳಲ್ಲಿ ಒರೆಸಿದರು. ಅವರು ಇನ್ನೊಬ್ಬರ ಅಡುಗೆ ತಿಂದು ಕೊತ್ತಂಬರಿ ಬೀಜದ ಸುದ್ದಿ ಎತ್ತದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಗಿರಿಜೆಯೇ ಅಡುಗೆಮನೆಯಿಂದ ಬಂದಳು. ಬಿಳಿ ಕೋಟು, ಕೂದಲಿಗೆ ಬಟ್ಟೆ, ಕೈಯಲ್ಲಿ ಇನ್ನೊಂದು ಪಾತ್ರೆ.

“ಇನ್ನೊಂದ್ ಹಾಕ್ಲಾಪ್ಪ?”

“ಬ್ಯಾಡವ್ವ, ಸಾಕು” ಎಂದು ಮಾವ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಹತ್ತು ಬೆರಳಿನ ನಡುವೆ ಬಾಳೆಹಣ್ಣು ತೂರಿಸುವಷ್ಟು ಸಂದಿ.

ಗಿರಿಜೆ ಆ ಬೆರಳುಗಳನ್ನು ನೋಡಿದಳು. ಆಮೇಲೆ “ಸರಿ” ಎಂದು, ಮೆಲ್ಲಗೆ ಅವರ ಕೈ ಸರಿಸಿ, ತಟ್ಟೆ ಎತ್ತಿಕೊಂಡು ಹೋದಳು.

ಮಾವ ಬರಿಯ ಮೇಜಿನ ಮೇಲೆ ಕೈ ಅಡ್ಡ ಹಿಡಿದುಕೊಂಡೇ ಕೂತಿದ್ದರು.

ಹಳೇ ಪೇಟೆಯ ಕಡೆ ನಡೆಯುವಾಗ ಒಂದೇ ಮಾತು. “ಸಂದಿ ಬುಟ್ಟಿದ್ದೆ ಕಣವ್ವ. ಇಷ್ಟಗಲ.” ನಾನು ಮೇಜಿನ ಶಿಷ್ಟಾಚಾರ, ಆ ಊರಿನ ಪದ್ಧತಿ, ಹೋಟೆಲಿನ ತರಬೇತಿ ಅಂತೆಲ್ಲ ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಸೊಕ್ಕಾದ ಹೆಂಗಸು ನಮ್ಮನ್ನು ಕಂಡದ್ದೇ ಬೈದು ಎರಡು ತುಂಡು ತುರುಕಿದಳು. ತಿಂದರು.

ವಿಮಾನ ನಿಲ್ದಾಣ

ನೀಸಿನ ವಿಮಾನ ನಿಲ್ದಾಣ ಸಮುದ್ರದ ಅಂಚಿಗೇ ಇದೆ. ರನ್‌ವೇ ಮುಗಿದಲ್ಲಿ ನೀರು. ಗಿರಿಜೆ ನಮ್ಮನ್ನು ಬಿಡಲು ಬಂದಿದ್ದಳು, ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಒಳಗೆ ಎಣ್ಣೆಗಾಯಿ. ಅದನ್ನು ಮಡಿಲಲ್ಲಿಟ್ಟುಕೊಂಡು ಅಪ್ಪನ ಎದುರಿಗೆ ಕೂತಳು. ನಾನು ಅವಳ ಬೆನ್ನ ಹಿಂದೆ ಬ್ಯಾಗುಗಳ ತೂಕದ ಜೊತೆ ಹೋರಾಡುತ್ತಿದ್ದೆ. ಮಾವ ಅಲ್ಲಿಯವರೆಗೆ ಮಳೆ, ಬಸ್ಸು, ಅತ್ತೆಯ ಮಂಡಿ ಎಲ್ಲ ಮಾತಾಡಿ ಮುಗಿಸಿದ್ದರು. ಕೊನೆಗೆ ಗಂಟಲು ಸರಿಮಾಡಿಕೊಂಡರು.

“ಬಂದ್‌ಬುಡವ್ವ, ಗಿರಿಜಾ. ಮೆಸ್ಸು ನಿಂದೇಯ.”

ಕೇಳಿಬಿಟ್ಟರು! ನಾನು ಬ್ಯಾಗಿನ ಜಿಪ್ ಅರ್ಧಕ್ಕೇ ನಿಲ್ಲಿಸಿದೆ.

ಗಿರಿಜೆ ತಲೆ ತಗ್ಗಿಸಿದಳು. ಎರಡೂ ಅಂಗೈ ತಂದು ಡಬ್ಬಿಯ ಮುಚ್ಚಳದ ಮೇಲೆ ಇಟ್ಟಳು, ಎಲೆಗೆ ಅಡ್ಡ ಹಿಡಿದ ಹಾಗೆ.

“ಬೇಡಪ್ಪ” ಅಂದಳು.

ನನಗೆ ಅವಳ ಮೊಣಕೈ ಕಾಣುತ್ತಿತ್ತು, ಬೆರಳು ಕಾಣುತ್ತಿರಲಿಲ್ಲ. ಮಾವ ಆ ಕೈಗಳನ್ನೇ ನೋಡುತ್ತಿದ್ದರು. ನಾನು ಅವಳ ತಲೆಯ ಮೇಲಿಂದ ಕಣ್ಣಲ್ಲಿ ಸನ್ನೆ ಮಾಡಿದೆ, ಹುಬ್ಬಲ್ಲಿ ಮಾಡಿದೆ, ಕೊನೆಗೆ ಕೆಮ್ಮಿದೆ. ಕೇಳಿ ಮಾವ, ಇನ್ನೊಂದು ಸಲ ಕೇಳಿ! ಕಪ್ ಗೆದ್ದ ನನ್ನ ಸಿದ್ಧಾಂತವೆಲ್ಲ ಆ ಕೆಮ್ಮಿನಲ್ಲಿ ಕೊಚ್ಚಿಹೋಯಿತು.

“ಸರಿ ಕಣವ್ವ” ಎಂದು ಮಾವ ಎದ್ದರು. ಡಬ್ಬಿ ಇಸಿದುಕೊಂಡು, ಅವಳ ತಲೆ ಸವರಿ, ಸೆಕ್ಯೂರಿಟಿಯ ಸಾಲಿಗೆ ನಡೆದರು.

ನಾನು ಹಿಂದೆಯೇ ಓಡಿದೆ. “ಏನು ಮಾವ ನೀವು! ಒಂದೇ ಸಲಕ್ಕೆ ಬಿಡೋದಾ?”

“ನೀನೇ ಏಳ್ದಲ್ಲವ್ವ ಲಾಯರಮ್ಮ. ಒಂದ್ ಸಲ ಬ್ಯಾಡ ಅಂದ್ರೆ ಬ್ಯಾಡ ಅಂತ. ನಾಗರಿಕತೆ.”

ವಾದದಲ್ಲಿ ನನ್ನ ಮಾತನ್ನೇ ನನಗೆ ತಿರುಗಿಸಿದವರು ಹಿಂದೆಯೂ ಇದ್ದರು. ಹೀಗೆ ಹೊಟ್ಟೆಗೆ ತಾಗಿದ್ದಿಲ್ಲ. ವಿಮಾನ ಏರಿದ ಮೇಲೆ ಗಗನಸಖಿ ತಟ್ಟೆ ಹಿಡಿದು ಬಂದಳು. ಅವಳು ಬಾಯಿ ತೆರೆಯುವ ಮುಂಚೆಯೇ ಮಾವ “ಯೆಸ್” ಅಂದು ಎರಡೂ ಕೈ ಚಾಚಿದರು.

ತಿ. ನರಸೀಪುರ, ಮಧ್ಯಾಹ್ನದ ಊಟದ ಹೊತ್ತು

ಹಾಗಾದರೆ ಉಪವಾಸದ ಕಥೆ ಹಬ್ಬಿಸಿದವರು ಯಾರು? ಮೊನ್ನೆ ಮೆಸ್ಸಿಗೆ ಹೋದಾಗ ಗೊತ್ತಾಯಿತು. ಮಾವ ಬಕೆಟ್ ಹಿಡಿದು, ತಾಲ್ಲೂಕು ಆಫೀಸಿನವರೊಬ್ಬರಿಗೆ ಬಡಿಸುತ್ತ ಹೇಳುತ್ತಿದ್ದರು. “ಅಲ್ಲೇನ್ ಸಿಗ್ತದೆ ಸಾ, ಬರೀ ಬ್ರೆಡ್ಡು. ಒಟ್ಟೆ ಬೆನ್ನಿಗಂಟ್ಕಂಡ್‌ಬುಡ್ತು.” ಮೂಲೆಯ ಕುರ್ಚಿಯಲ್ಲಿ ಬೇಕರಿಯವನು ಮಜ್ಜಿಗೆ ಕುಡಿಯುತ್ತ ಕೂತಿದ್ದ. ದಿನಾ ಬರುತ್ತಾನಂತೆ. ಮಾವ ಅವನಿಗೆ ಆಗಲಿ ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ.

ನನ್ನ ಸರದಿ ಬಂತು. “ಇನ್ನೊಂಚೂರು ಸಾರು?”

“ಬೇಡ ಮಾವ.”

“ಒಂದೇ ಒಂದ್ ಸೌಟು.”

“ಖಂಡಿತ ಬೇಡ” ಎಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಬೆರಳ ಸಂದಿಯಿಂದ ಬಿಸಿ ಸಾರು ನೇರ ಅನ್ನಕ್ಕೆ ಇಳಿಯಿತು.

“ಬಾಯಿ ಬ್ಯಾಡ ಅಂತದೆ, ಬೆರಳು ಬೇಕು ಅಂತದೆ” ಎಂದು ನಕ್ಕು ಮುಂದಿನ ಎಲೆಗೆ ಹೊರಟವರ ಬಕೆಟ್ಟಿನ ಹಿಡಿಯನ್ನು ಸಾರಿನ ಕೈಯಲ್ಲೇ ಹಿಡಿದು ನಿಲ್ಲಿಸಿದೆ.

“ಮಾವ, ನೀವೊಬ್ಬರೇ ನೋಡಿದ್ದು. ಅವತ್ತು ಆ ಡಬ್ಬಿ ಮೇಲೆ, ಗಿರಿಜೆಯ ಬೆರಳು ಒತ್ತಾಗಿತ್ತಾ, ಸಂದಿ ಇತ್ತಾ?”